ಹಿಂಬಾಗಿಲ ಜಾತ್ರೆ

ನ್ಯೂಜೆರ್ಸಿಯಲ್ಲಿರುವ ಮಗ "ಅಪ್ಪಾ, ಭಾನುವಾರ ಟೇಲ್‌ಗೇಟಿಂಗ್‌ಗೆ ಬರ್ತೀಯಾ?" ಎಂದಾಗ ಗಾಬರಿಯಾಯಿತು. ಬೆಂಗಳೂರಿನಲ್ಲಿ ಅದು ನಮ್ಮ ನಿತ್ಯಕರ್ಮ. ಮುಂದಿನ ಗಾಡಿಯ ಬಾಲಕ್ಕೆ ಮೂಗು ತಾಗಿಸಿ ಹಾರ್ನ್ ಒತ್ತುವುದು. ಅದಕ್ಕೂ ವೀಸಾ ಬೇಕಾ?

ಇದು ಬೇರೆಯಂತೆ. ಅಮೆರಿಕನ್ ಫುಟ್‌ಬಾಲ್ ಮ್ಯಾಚಿಗೆ ನಾಲ್ಕು ಗಂಟೆ ಮೊದಲೇ ಪಾರ್ಕಿಂಗ್ ಜಾಗ ಸೇರಿ, ಗಾಡಿಯ ಹಿಂಬಾಗಿಲು ತೆರೆದು, ಮಾಂಸ ಸುಟ್ಟು, ಬಿಯರ್ ಹೀರಿ, ಗುರುತಿಲ್ಲದವರಿಗೂ ಹಂಚುವುದು. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಚಕ್ಕಡಿ ನಿಲ್ಲಿಸಿ ರೊಟ್ಟಿ ಬುತ್ತಿ ಬಿಚ್ಚಿದ ಹಾಗೇ. ಪಕ್ಕದ ಗಾಡಿಯವನು ಮುಖಕ್ಕೆಲ್ಲ ಜೆಟ್ಸ್ ತಂಡದ ಹಸಿರು ಬಳಿದುಕೊಂಡಿದ್ದ. ನಮ್ಮ ಚಿತ್ರಾನ್ನದ ಕಡಲೆಬೀಜ ಒಂದೊಂದೇ ಹೆಕ್ಕಿ ತಿಂದು ಮತ್ತೆ ತಟ್ಟೆ ಚಾಚಿದ. ಖುಷಿಯಾಯಿತು.

ಜನ ಪುಕ್ಕಟೆ ಖುಷಿಪಟ್ಟರೆ ಮಾರ್ಕೆಟಿಂಗ್‌ನವರಿಗೆ ನಿದ್ದೆ ಬರುತ್ತದಾ? ಅಲ್ಲೇ ಒಂದು ಡೇರೆ. ಮೊಬೈಲ್ ನಂಬರ್ ಕೊಟ್ಟರೆ ಟೋಪಿ ಉಚಿತ. ಮಗ ಕೊಟ್ಟ. ಅವರು ಟೋಪಿ ಹಾಕಿದರು, ಎರಡೂ ಅರ್ಥದಲ್ಲಿ.

ಸಿಕ್ಸರ್‌ಗೆ 'ಡಿಎಲ್‌ಎಫ್ ಮ್ಯಾಕ್ಸಿಮಮ್' ಎಂದು ಬಿಲ್ಡರ್ ಹೆಸರು ಕೂಗಿಸಿದ ಐಪಿಎಲ್ ನೋಡಿದವನು ನಾನು. ಬೆಚ್ಚಬಾರದಿತ್ತು. 2021ರ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ದಿನ, ಟಾಂಪಾ ನಗರದಲ್ಲಿ ನಡೆದದ್ದು 'ಟಿಕ್‌ಟಾಕ್ ಟೇಲ್‌ಗೇಟ್'. ಹಾಡಲು ಮೈಲಿ ಸೈರಸ್. ಬಾಲವೂ ಇಲ್ಲ, ಗೇಟೂ ಇಲ್ಲ, ಆ್ಯಪ್‌ಗೆ ಟೇಲ್‌ಗೇಟ್!

ಬಫಲೋ ಬಿಲ್ಸ್ ತಂಡದ ಭಕ್ತರದು ಇನ್ನೂ ಉಗ್ರ ಸೇವೆ. ಗಾಡಿ ಹತ್ತಿ, ಮಡಚುವ ಮೇಜಿನ ಮೇಲೆ ಧೊಪ್ಪನೆ ಹಾರಿ ಅದನ್ನು ಮುರಿಯುತ್ತಾರೆ. ಅವರ ಸ್ಟೇಡಿಯಂಗೆ ಹೈಮಾರ್ಕ್ ಎಂಬ ಆರೋಗ್ಯ ವಿಮೆ ಕಂಪನಿಯ ಹೆಸರು. ನಾವು ಹೋದ ಮೆಟ್‌ಲೈಫ್‌ಗೆ ಜೀವವಿಮೆಯವರದು. ಸೊಂಟ ಅಲ್ಲಿ, ಮಿಕ್ಕಿದ್ದು ಇಲ್ಲಿ.

ಇದೇ ಮೆಟ್‌ಲೈಫ್‌ನಲ್ಲಿ 2014ರಲ್ಲಿ ಸೂಪರ್ ಬೌಲ್ ನಡೆಯಿತು. ಆಗ ಒಲೆ ಹಚ್ಚಬೇಡಿ, ಕುರ್ಚಿ ಬಿಚ್ಚಬೇಡಿ, ನಿಮ್ಮ ಗಾಡಿಯ ಗೆರೆ ದಾಟದೆ ನಿಂತು ತಿನ್ನಿ ಎಂದರು. ಭದ್ರತೆಯಂತೆ. ಇಲ್ಲಿ ನಗು ಬರುವುದಿಲ್ಲ ನೋಡಿ. ಈ ಹಬ್ಬವನ್ನು ಯಾವ ಕಂಪನಿಯೂ ಹುಟ್ಟಿಸಲಿಲ್ಲ. ಜನ ಮನೆಯಿಂದ ಊಟ ತಂದರು, ಹಂಚಿದರು, ಅಷ್ಟೇ. ಅದು ದೊಡ್ಡದಾದ ಮೇಲೆ ಅವರಿಗೇ ಕುರ್ಚಿ ಇಲ್ಲ. ಪಾರ್ಕಿಂಗ್‌ಗೂ ಅವರೇ ದುಡ್ಡು ತೆರಬೇಕು. ಸಾಕಾಗಿದೆ.

ಆ ಟೋಪಿ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ನನ್ನ ಎರಡು ಬನಿಯನ್ ಹಸಿರಾದವು. ಮಗನ ಫೋನಿಗೆ ಮೆಸೇಜ್ ಇನ್ನೂ ಬರುತ್ತಲೇ ಇವೆ.