ತಲಪಾಡಿ ದಾಟಿದ ತೊಂದರೆ ಯಾರ ಲೆಕ್ಕಕ್ಕೆ?

ದೊಡ್ಡ ಆಪರೇಷನ್ ಎಂದರೆ ಕಾಸರಗೋಡಿನ ನಾವು ಮಂಗಳೂರಿನ ದಾರಿ ಹಿಡಿಯುವವರು. 2020ರ ಮಾರ್ಚ್‌ನಲ್ಲಿ ಕೇರಳ-ಕರ್ನಾಟಕ ನಡುವಿನ ತಲಪಾಡಿ ಗಡಿ ಮುಚ್ಚಿ ರೋಗಿಗಳು ಜೀವ ಕಳೆದುಕೊಂಡಾಗ ಈ ಅವಲಂಬನೆ ದೇಶಕ್ಕೇ ಗೊತ್ತಾಯಿತು. ಆದರೆ ಆಪರೇಷನ್ ಮುಗಿಸಿ ಊರಿಗೆ ಮರಳಿದ ಮೇಲೆ ಕಾಣಿಸಿಕೊಳ್ಳುವ ತೊಂದರೆಗಳು ಸುದ್ದಿಯಾಗುವುದಿಲ್ಲ.

ನನ್ನ ಚಿಕ್ಕಮ್ಮನಿಗೆ ಅಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಲ್ಯಾಪರೊಸ್ಕೋಪಿ (ಸಣ್ಣ ರಂಧ್ರಗಳಿಂದ ಮಾಡುವ ಆಪರೇಷನ್) ಮೂಲಕ ಪಿತ್ತಕೋಶ ತೆಗೆದರು. ಮನೆಗೆ ಬಂದ ವಾರದೊಳಗೆ ಕಣ್ಣು ಹಳದಿಯಾಯಿತು, ಜ್ವರ ಬಿಡಲಿಲ್ಲ. ಇಲ್ಲಿನ ವೈದ್ಯರು ಸ್ಕ್ಯಾನ್ ನೋಡಿ, ಪಿತ್ತನಾಳಕ್ಕೆ ಪೆಟ್ಟಾಗಿದೆ ಎಂದರು. ಇಂಗ್ಲಿಷಿನ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದರ ಸುಳಿವೇ ಇರಲಿಲ್ಲ. ಹೊಟ್ಟೆಗೆ ನಳಿಕೆ ಯಾಕೆ ಇಟ್ಟಿದ್ದೀರಿ ಎಂದು ಚಿಕ್ಕಮ್ಮ ಅಲ್ಲಿಯೇ ಕೇಳಿದ್ದರು. "ಅದೆಲ್ಲ ಮಾಮೂಲು ಅಮ್ಮ" ಎಂಬ ಉತ್ತರ ಸಿಕ್ಕಿತ್ತು.

ಪಿತ್ತನಾಳಕ್ಕೆ ಪೆಟ್ಟಾಗುವುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ತೊಂದರೆ. ಇಂತಹ ಸಾವಿರ ಆಪರೇಷನ್‌ಗಳಲ್ಲಿ ಸುಮಾರು 3ರಿಂದ 5ರಲ್ಲಿ ಆಗುತ್ತದೆ ಎನ್ನುತ್ತಾರೆ. ಉರಿಯೂತದಿಂದ ಎಲ್ಲವೂ ಅಂಟಿಕೊಂಡಾಗ ಯಾವ ನಾಳ ಯಾವುದೆಂದು ಗುರುತಿಸುವುದು ನುರಿತ ಸರ್ಜನ್‌ಗೂ ಕಷ್ಟ. ಹಾಗಾಗಿ ಪೆಟ್ಟಾಯಿತೆಂದು ನನಗೆ ಸಿಟ್ಟಿಲ್ಲ. ಆ ಸರ್ಜನ್‌ಗೆ ಅಂದೇ ಗೊತ್ತಾಗಿದ್ದರೆ ಹೇಳಬೇಕಿತ್ತು. ಗೊತ್ತಾಗದಿದ್ದರೆ ಇಂದಿಗೂ ಗೊತ್ತಿಲ್ಲ, ಏಕೆಂದರೆ ಆ ಪೆಟ್ಟಿಗೆ ಚಿಕಿತ್ಸೆ ನಡೆದದ್ದು ಬೇರೆ ಕಡೆ, ಬೇರೆ ರಾಜ್ಯದಲ್ಲಿ. ಸರ್ಜರಿ ವಿಭಾಗಗಳಲ್ಲಿ ಸಾವು ಮತ್ತು ತೊಡಕುಗಳನ್ನು ಚರ್ಚಿಸುವ ಸಭೆ ನಡೆಯುತ್ತದೆ. ಚಿಕ್ಕಮ್ಮನ ಪ್ರಕರಣ ಅಲ್ಲಿಗೆ ತಲುಪುವುದಾದರೂ ಹೇಗೆ? ಅವರ ಪುಸ್ತಕದಲ್ಲಿ ಆಕೆ ಗುಣವಾಗಿ ಮನೆಗೆ ಹೋದ ರೋಗಿ. ಇದೇ ನನ್ನನ್ನು ಹೆಚ್ಚು ಹೆದರಿಸುವುದು.

ವೈದ್ಯರ ಭಯವೂ ಸುಳ್ಳಲ್ಲ. ಬಾಯಿ ಬಿಟ್ಟರೆ ಕೇಸು, ಗಲಾಟೆ. ಆದರೆ ಎಲ್ಲ ತೊಡಕೂ ಅಪರಾಧವಲ್ಲ, ತೀವ್ರ ನಿರ್ಲಕ್ಷ್ಯವಿದ್ದರೆ ಮಾತ್ರ ವೈದ್ಯರ ಮೇಲೆ ಕ್ರಿಮಿನಲ್ ಹೊಣೆ ಹೊರಿಸಬಹುದೆಂದು ಸುಪ್ರೀಂ ಕೋರ್ಟ್ 2005ರಲ್ಲಿಯೇ ಹೇಳಿದೆ. ಇಂಗ್ಲೆಂಡಿನಲ್ಲಿ 2014ರಿಂದ ಗಂಭೀರ ಹಾನಿಯಾದರೆ ರೋಗಿಗೆ ತಿಳಿಸುವುದು ಆಸ್ಪತ್ರೆಯ ಮೇಲಿನ ಕಾನೂನಿನ ಕರ್ತವ್ಯ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ತಪ್ಪನ್ನು ತಾವೇ ಹೇಳಿ ಪರಿಹಾರ ಕೊಡತೊಡಗಿದ ಮೇಲೆ ದಾವೆಗಳು ಕಡಿಮೆಯಾದವು.

ಗಡಿಯ ಎರಡೂ ಕಡೆಯ ಆರೋಗ್ಯ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ತೊಡಕಿಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆ ಮೊದಲು ಆಪರೇಷನ್ ಮಾಡಿದ ಆಸ್ಪತ್ರೆಗೆ ಬರೆದು ತಿಳಿಸುವ ಕ್ರಮ ಬರಲಿ. ಆಪರೇಷನ್‌ನಲ್ಲಿ ಏನಾಯಿತೆಂಬುದನ್ನು ರೋಗಿಗೆ ಓದಲು ಬರುವ ಭಾಷೆಯಲ್ಲಿ ಒಂದು ಪುಟ ಬರೆದುಕೊಡಲಿ. ಅಲ್ಲಿಯವರೆಗೆ ಡಿಸ್ಚಾರ್ಜ್ ಸಮ್ಮರಿಯ ಜೊತೆ ಆಪರೇಷನ್ ನೋಟ್ಸ್ ಪ್ರತಿಯನ್ನೂ ಕೇಳಿ ಪಡೆಯಿರಿ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲಿಯೇ ಇದೆ.