ಭಾರ ಎತ್ತುವವರ ಬೆಲೆಪಟ್ಟಿ

1961ರಲ್ಲಿ ಮೊದಲ ಬಾರಿಗೆ ಹಾರಿದ ಚಿನೂಕ್ ಹೆಲಿಕಾಪ್ಟರಿನ ವಿನ್ಯಾಸದಲ್ಲಿ ಪೋಲು ಎಂಬುದೇ ಇಲ್ಲ. ಹಿಂದೊಂದು ಮುಂದೊಂದು ರೋಟರ್, ಅಂದರೆ ತಿರುಗುವ ರೆಕ್ಕೆಗಳ ಚಕ್ರ, ವಿರುದ್ಧ ದಿಕ್ಕುಗಳಿಗೆ ತಿರುಗಿ, ಒಂದರ ತಿರುಚುಬಲವನ್ನು ಇನ್ನೊಂದು ಅಳಿಸಿಹಾಕುವುದರಿಂದ ಬಾಲದ ರೋಟರೇ ಬೇಕಿಲ್ಲ. ಎಂಜಿನ್ನುಗಳ ಶಕ್ತಿಯೆಲ್ಲ ಎತ್ತುವ ಕೆಲಸಕ್ಕೇ ಸಲ್ಲುತ್ತದೆ. ಹೀಗೆ ಸುಮಾರು ಹತ್ತು ಟನ್ ಸರಕನ್ನು ಹೊತ್ತೊಯ್ಯುವ ಈ ಯಂತ್ರವೂ ತನ್ನ ಬಿಡಿಭಾಗಗಳನ್ನು ಕೊಳ್ಳುವ ಕಚೇರಿಯ ಎತ್ತುವ ಸಾಮರ್ಥ್ಯದ ಮುಂದೆ ತಲೆಬಾಗಲೇಬೇಕು.

ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಯಲ್ಲಿರುವ ಅಮೆರಿಕ ಭೂಸೇನೆಯ ದುರಸ್ತಿ ಕೇಂದ್ರಕ್ಕೆ ಬೋಯಿಂಗ್ ಕಂಪನಿ ಪೂರೈಸಿದ ಅಪಾಚೆ ಮತ್ತು ಚಿನೂಕ್ ಹೆಲಿಕಾಪ್ಟರುಗಳ ಬಿಡಿಭಾಗಗಳ ಲೆಕ್ಕಪರಿಶೋಧನೆ 2011ರಲ್ಲಿ ಬೆಳಕಿಗೆ ಬಂತು. ಅದರಲ್ಲೊಂದು ಸಣ್ಣ ಲೋಹದ ಪಿನ್ನು. ಸೊಟ್ಟವಿಲ್ಲ, ತಿರುವಿಲ್ಲ, ಮರೆಮಾಚಿದ ತಂತ್ರಜ್ಞಾನವೂ ಇಲ್ಲ. ಸರ್ಕಾರದ ಉಗ್ರಾಣದಲ್ಲಿ 4 ಸೆಂಟಿನ ದರದಲ್ಲಿ ಸಾವಿರಗಟ್ಟಲೆ ಬಿದ್ದಿದ್ದ ಅದಕ್ಕೆ ತೆತ್ತದ್ದು 71.01 ಡಾಲರ್. ಸರಕು ತುಂಬುವ ಹಿಂಬಾಗಿಲಿನ ರ‍್ಯಾಂಪಿಗೆ ಬೇಕಾದ ರೋಲರ್ ರಕ್ಷಣಾ ಇಲಾಖೆಯದೇ ದಾಸ್ತಾನಿನಲ್ಲಿ 7.71 ಡಾಲರಿಗೆ ಸಿಗುತ್ತಿತ್ತು; ಕೊಂಡದ್ದು 1,678.61 ಡಾಲರಿಗೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವವರನ್ನು ನೋಡಿ ನಾವು ನಗುತ್ತಿದ್ದೆವು. ಆದರೆ ಆ ಪಾಪದವರು ಕೂಸನ್ನು ಇನ್ನೂರು ಪಟ್ಟು ಬೆಲೆ ಕೊಟ್ಟು ಮತ್ತೆ ಕೊಂಡುಕೊಂಡಿರಲಿಲ್ಲ. ಆ 61 ಸೆಂಟನ್ನೂ ಬಿಡದೆ ನಮೂದಿಸಿದ ಗುಮಾಸ್ತನ ನಿಷ್ಠೆಯನ್ನು ಮಾತ್ರ ಮೆಚ್ಚಬೇಕು. ಕೆಲವು ಭಾಗಗಳ ಹಣವನ್ನು ಕಂಪನಿ ಮುಂದೆ ಮರಳಿಸಿತು.

ಅಮೆರಿಕನ್ನರು ದುಬಾರಿ ಭಾಗ ಕೊಂಡರೂ ಯಂತ್ರವನ್ನಾದರೂ ಹಾರಿಸಿದರು. ಬ್ರಿಟನ್ನಿನ ರಕ್ಷಣಾ ಇಲಾಖೆಯದು ಇನ್ನೂ ಮೇಲ್ಮಟ್ಟದ ಸಾಧನೆ. ಕತ್ತಲಲ್ಲಿ, ಕೆಟ್ಟ ಹವೆಯಲ್ಲಿ ವಿಶೇಷ ಪಡೆಗಳನ್ನು ಸಾಗಿಸಲೆಂದು ಅದು 1995ರಲ್ಲಿ ಎಂಟು ವಿಶೇಷ ಚಿನೂಕ್‌ಗಳಿಗೆ ಬೇಡಿಕೆಯಿಟ್ಟಿತು. 2001ರಲ್ಲಿ ಯಂತ್ರಗಳು ಬಂದವು. ಕಾಕ್‌ಪಿಟ್ಟಿನ ಸಾಫ್ಟ್‌ವೇರ್ ಸುರಕ್ಷಿತವೆಂದು ಬ್ರಿಟಿಷ್ ನಿಯಮದಂತೆ ಸಾಬೀತುಪಡಿಸಲು ಅದರ ಕೋಡ್ ಪರಿಶೀಲಿಸಬೇಕಿತ್ತು. ಆ ಕೋಡ್ ಕೊಡಬೇಕೆಂಬ ಮಾತನ್ನೇ ಒಪ್ಪಂದದಲ್ಲಿ ಬರೆದಿರಲಿಲ್ಲ. ಕೋಟ್ಯಂತರ ಪೌಂಡಿನ ಒಪ್ಪಂದ ಬರೆಯುವಾಗ ಒಂದು ಸಾಲು ಜಾರುವುದು ಸಹಜವೇ ಬಿಡಿ.

ಆದ್ದರಿಂದ ಅನುಮತಿ ಹೀಗಾಯಿತು: ಆಕಾಶ ತಿಳಿಯಾಗಿರಬೇಕು, 500 ಅಡಿಗಿಂತ ಮೇಲೆ ಹಾರಬೇಕು, ಪೈಲಟ್ ಕೆಳಗಿನ ಗುರುತುಗಳನ್ನು ಕಣ್ಣಾರೆ ನೋಡಿ ದಾರಿ ಹಿಡಿಯಬೇಕು. ಅಂದರೆ ಶತ್ರುವಿನ ನೆಲಕ್ಕೆ ಗುಟ್ಟಾಗಿ ನುಗ್ಗಬೇಕಾದ ವಾಹನವು ಹಾಡಹಗಲೇ, ಎಲ್ಲರಿಗೂ ಕಾಣುವ ಎತ್ತರದಲ್ಲಿ, ಚರ್ಚಿನ ಗೋಪುರ ಕಂಡಲ್ಲಿ ಎಡಕ್ಕೆ ತಿರುಗುತ್ತ ಹೋಗಬೇಕು. ಹಾಗೆ ಹೋಗುವ ಬದಲು ಅವು ಹವಾನಿಯಂತ್ರಿತ ಹ್ಯಾಂಗರಿನೊಳಗೆ ವರ್ಷಗಟ್ಟಲೆ ತಣ್ಣಗೆ ನಿಂತವು. ಅದೇ ಹೊತ್ತಿನಲ್ಲಿ ಅಫ್ಘಾನಿಸ್ತಾನದಲ್ಲಿದ್ದ ಬ್ರಿಟಿಷ್ ಸೈನಿಕರು ಹೆಲಿಕಾಪ್ಟರ್ ಸಾಲದೆಂದು ಬಿಸಿಲಲ್ಲಿ ಕಾಯುತ್ತಿದ್ದರು.

ಕೊನೆಗೆ 2007ರಲ್ಲಿ ಪರಿಹಾರ ಹೊಳೆಯಿತು. ಹೆಚ್ಚುವರಿ ಹಣ ತೆತ್ತು ಮಾಡಿಸಿಕೊಂಡಿದ್ದ ಆ ಆಧುನಿಕ ಕಾಕ್‌ಪಿಟ್ ವ್ಯವಸ್ಥೆಯನ್ನು, ಮತ್ತಷ್ಟು ಹೆಚ್ಚುವರಿ ಹಣ ತೆತ್ತು ಕಿತ್ತುಹಾಕಿಸಿ, ಹಳೆಯ ಮಾದರಿಯ ಕಾಕ್‌ಪಿಟ್ ಕೂರಿಸುವುದೆಂದು ನಿರ್ಧಾರವಾಯಿತು. 2009ರಲ್ಲಿ ಮೊದಲನೆಯದು ಹಾರಿತು, ಮಿಕ್ಕ ಚಿನೂಕ್‌ಗಳು ಹಾರುತ್ತಿದ್ದ ಹಾಗೆಯೇ.