ಆರಿಸಿದೆ, ಆರಿಹೋಯಿತು

ಕನ್ನಡದ 'ಆರಿಸು' ಭಾಳ ಮೋಸದ ಪದ. ಸಂತೆಯಲ್ಲಿ ಬದನೆಕಾಯಿ ಆರಿಸಿದರೆ ಅದು ಮನೆಗೆ ಬರುತ್ತದೆ. ಜೋಳದಲ್ಲಿ ಹಳ್ಳು ಆರಿಸಿದರೆ ಅದು ಹಿತ್ತಲಿಗೆ ಹೋಗುತ್ತದೆ. ದೀಪ ಆರಿಸಿದರೆ ಕತ್ತಲೆ. ಕಳೆದ ಶುಕ್ರವಾರ ನಾನು ಈ ಮೂರನ್ನೂ ಒಂದೇ ಕ್ಲಿಕ್ಕಿನಲ್ಲಿ ಮಾಡಿದೆ.

ಧಾರವಾಡದಲ್ಲಿ ಮಳೆ. ಹುಬ್ಬಳ್ಳಿ ಆಫೀಸಿಗೆ ಚಕ್ಕರ್ ಹೊಡೆದು ಮನೆಯಲ್ಲೇ ಲ್ಯಾಪ್‌ಟಾಪ್ ಬಿಚ್ಚಿದ್ದೆ. ಪಕ್ಕದಲ್ಲಿ ಅವ್ವ ಮೊರದ ತುಂಬ ಜೋಳ ಹಾಕಿಕೊಂಡು ಹಸನು ಮಾಡುತ್ತಿದ್ದಳು.

ಪ್ರೋಗ್ರಾಮ್ ಎಲ್ಲಿ ನಿಲ್ಲುತ್ತಿದೆ ಅಂತ ತಿಳಿಯದಿದ್ದಾಗ ನಡುನಡುವೆ ಪ್ರಿಂಟ್ ಸಾಲು ಹಾಕುವುದು ನಮ್ಮ ಕಸುಬಿನ ಹಳೇ ಚಟ. ನಾನು ಅದಕ್ಕೆ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ಸ್ಟಾಪುಗಳ ಹೆಸರಿಡುತ್ತೇನೆ. 'ಉಣಕಲ್ ಬಂತು', 'ಭೈರಿದೇವರಕೊಪ್ಪ ಬಂತು', 'ನವನಗರ ಬಂತು'. ಸತ್ತೂರು ಬರಲಿಲ್ಲ ಅಂದರೆ ಬಗ್ ನವನಗರ ದಾಟಿ ಎಲ್ಲೋ ಕೂತಿದೆ ಅಂತ ಅರ್ಥ. ಸಂಜೆಗೆ ಸಿಕ್ಕಿತು. ಬದಲಾಗಿದ್ದ ಫೈಲು ಒಟ್ಟು 6. ನಾಲ್ಕರಲ್ಲಿ ಮೂರು ದಿನದ ದುಡಿಮೆ, ಎರಡರಲ್ಲಿ ಬರೀ ಬಸ್ ಸ್ಟಾಪು. ಎರಡರ ಬದಲಾವಣೆ ಚೆಲ್ಲಿ ಹಳೇ ರೂಪಕ್ಕೆ ತರಬೇಕು, ನಾಲ್ಕನ್ನು ಕಮಿಟ್ ಮಾಡಬೇಕು, ಅಂದರೆ ದಾಖಲೆಗೆ ಸೇರಿಸಬೇಕು. ಅಷ್ಟೇ.

ಕಮಾಂಡ್ ಟೈಪ್ ಮಾಡಿದರೆ ತಪ್ಪಾದೀತು ಅಂತ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಚಿತ್ರ-ಬಟನ್ನಿನ ಆ್ಯಪ್ ಹಾಕಿಕೊಂಡಿದ್ದೇನೆ. (ನಗಬೇಡಿ.) ಅದರಲ್ಲಿ ಪ್ರತಿ ಫೈಲಿನ ಮುಂದೆ ಟಿಕ್ ಗುರುತು. ಒಳ್ಳೆಯ ನಾಲ್ಕನ್ನೂ ಒಟ್ಟಿಗೆ ಹಿಡಿದು ಟಿಕ್ ತೆಗೆದೆ. ಚೆಲ್ಲುವ ಎರಡಕ್ಕೆ ಮಾತ್ರ ಟಿಕ್ ಉಳಿಯಿತು. ರೈಟ್ ಕ್ಲಿಕ್. 'ಆಯ್ದ 4 ಬದಲಾವಣೆ ಕೈಬಿಡಬೇಕೇ?' ಅಂತ ಕೇಳಿತು. ಹೌದು ಅಂದೆ. ಆಮೇಲೆ ತಲೆಗೆ ಹೋಯಿತು, ನಾಲ್ಕು?

ವಿಷಯ ಏನಪ್ಪಾ ಅಂದರೆ, ಆ ಟಿಕ್ ಇರುವುದು ಕಮಿಟ್‌ಗೆ ಯಾವುದು ಹೋಗಬೇಕು ಅಂತ ಹೇಳುವುದಕ್ಕೆ. ಕೈಬಿಡುವಾಗ ಲೆಕ್ಕಕ್ಕೆ ಬರುವುದು ನೀಲಿ ಬಣ್ಣ ಹತ್ತಿದ ಸಾಲು. ನೀಲಿ ಇನ್ನೂ ಒಳ್ಳೆಯ ನಾಲ್ಕರ ಮೇಲೇ ಕೂತಿತ್ತು. ಪಟ್ಟಿಯಲ್ಲಿ ಉಳಿದದ್ದು ಬಸ್ ಸ್ಟಾಪು.

ಸೀನಿಯರ್‌ಗೆ ಫೋನ್ ಮಾಡಿದೆ. "ಸರ, ಎಲ್ಲಾ ಹೋತ್ರಿ!"

"ಕಮಿಟ್ ಮಾಡಿದ್ರೇನು?"

"ಇಲ್ರಿ."

"ಸ್ಟೇಜ್‌ಗರೆ ಹಾಕಿದ್ರೇನು?"

"ಇಲ್ರಿ."

"ಮತ್ತ ಗಿಟ್‌ಗೆ ನಿಮ್ಮ ಗುರ್ತs ಇಲ್ಲ ಬಿಡ್ರಿ."

ಅವರು ಹೇಳಿದ್ದು ಖರೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕೆಲಸಕ್ಕೆಂದು ಕಟ್ಟಿದ ಗಿಟ್‌ಗೆ ಆನೆಯ ನೆನಪು. ಕಮಿಟ್ ಆದದ್ದನ್ನು ಕಳೆದುಕೊಂಡರೂ ರಿಫ್ಲಾಗ್ ಅನ್ನುವ ದಿನಚರಿಯಲ್ಲಿ ಸಾಮಾನ್ಯವಾಗಿ 30 ದಿನವಾದರೂ ಅದರ ಸುಳಿವು ಸಿಗುತ್ತದೆ. ಸ್ಟೇಜ್‌ಗೆ, ಅಂದರೆ ಕಮಿಟ್‌ಗೆ ಮುಂಚೆ ಆರಿಸಿಡುವ ಕಟ್ಟೆಗೆ, ಹಾಕಿದ್ದರೂ ಒಂದು ಪ್ರತಿ ಒಳಗೆ ಎಲ್ಲೋ ಬಿದ್ದಿರುತ್ತದೆ. ಅದರ ಕೈಗೆ ಕೊಡದೇ ಇದ್ದದ್ದನ್ನು ಮಾತ್ರ ಅದು ಎಲ್ಲಿಂದ ತಂದುಕೊಡಬೇಕು?

"ಏನಾತೋ?" ಅಂದಳು ಅವ್ವ.

"ಹಳ್ಳು ಇಟ್ಕೊಂಡು ಜೋಳ ಚೆಲ್ಲಿದೆ."

ಅವಳು ತನ್ನ ವಾಟಿ ತೋರಿಸಿದಳು. ಆರಿಸಿದ ಹಳ್ಳೆಲ್ಲ ಅದರಲ್ಲಿತ್ತು. "ಒಮ್ಮಿಗೇ ಯಾರರ ಚೆಲ್ತಾರೇನು? ಇದರಾಗೂ ನಾಕ್ ಕಾಳು ಇರ್ತಾವು." ಗಿಟ್‌ನಲ್ಲೂ ಇಂಥ ವಾಟಿ ಇದೆ. ಸ್ಟ್ಯಾಶ್ ಅಂತಾರೆ. ನನಗೆ ಅದು ಗೊತ್ತಿತ್ತು ಅನ್ನುವುದೇ ಜಾಸ್ತಿ ಹೊಟ್ಟೆ ಉರಿಸಿದ್ದು.

ಫೋನಿನಲ್ಲಿ ಸೀನಿಯರ್ ಇನ್ನೂ ಇದ್ದರು. "ರೀಸೈಕಲ್ ಬಿನ್ ನೋಡಿರೇನು? ಕಮಾಂಡ್ ಹೊಡದಿದ್ರ ಪೂರಾ ಹೋಗಿಬಿಡ್ತಿತ್ತು. ಕೆಲವು ಆ್ಯಪ್ ಚೆಲ್ಲೂಮುಂದ ಅಲ್ಲಿ ಹಾಕ್ತಾವು."

ನೋಡಿದೆ. ನಾಲ್ಕೂ ಇದ್ದವು! ಖುಷಿಗೆ ಅವ್ವನ ಮೊರಕ್ಕೆ ಕಾಲು ತಾಗಿ ಅರ್ಧ ಜೋಳ ನೆಲಕ್ಕೆ ಚೆಲ್ಲಿತು. ಅವಳು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ರಿಸ್ಟೋರ್ ಒತ್ತಿದೆ. ಕಂಪ್ಯೂಟರ್ ಮತ್ತೆ ಕೇಳಿತು: ಅದೇ ಹೆಸರಿನ ಫೈಲು ಅಲ್ಲಿ ಈಗಾಗಲೇ ಇದೆ, ಬದಲಿಸಲೇ, ಬಿಡಲೇ?

ಮೌಸಿನಿಂದ ಕೈ ತೆಗೆದೆ.

"ಸರ, ಇಡಬ್ಯಾಡ್ರಿ ಫೋನು. ಯಾವುದು ಆರಿಸ್ಲಿ?"